ಕಿಟಕಿಯಲ್ಲಿ ಟೀಚರಮ್ಮ

ಫೋನಿನಲ್ಲಿ ಸಂಗೀತ ಪಾಠ ಹೇಳುವವರಿಗೆ ನಗು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಫೋನನ್ನು ಚಾರ್ಜಿಗೆ ಹಾಕಿಟ್ಟರೆ ಸಾಕು, ಅದೇ ಬರುತ್ತೆ.

ನಾನು ಇರುವುದು ಹೊಳೆನರಸೀಪುರದಲ್ಲಿ. ಹಿತ್ತಿಲ ಬಾಗಿಲು ತೆಗೆದು ನಾಲ್ಕು ಹೆಜ್ಜೆ ಹಾಕಿದರೆ ಹೇಮಾವತಿ. ಕೊರೋನಾ ಬಂದು ಎಲ್ಲರ ಮನೆ ಬಾಗಿಲೂ ಹಾಕಿದಾಗ ನಾನೂ ಜಮಖಾನ ಮಡಚಿಟ್ಟು, ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿಕೊಂಡು ಪಾಠ ಶುರು ಮಾಡಿದೆ. ಆಮೇಲೆ ಬಾಗಿಲುಗಳು ತೆರೆದವು, ಊರಿನ ಮಕ್ಕಳು ಮತ್ತೆ ಜಮಖಾನಕ್ಕೆ ಬಂದರು. ಆದರೆ ಫೋನಿನೊಳಗೆ ಸೇರಿಕೊಂಡಿದ್ದ ಮೂವರು ಮಾತ್ರ ಅಲ್ಲೇ ಉಳಿದರು. ಹಾಸನದ ಒಬ್ಬರು ರಿಟೈರ್ಡ್ ಇಂಜಿನಿಯರು, ಚನ್ನರಾಯಪಟ್ಟಣದ ಒಂದು ಪುಟ್ಟ ಹುಡುಗಿ, ಅರಕಲಗೂಡಿನ ಆಚೆಯ ಹಳ್ಳಿಯ ಒಬ್ಬ ಗೃಹಿಣಿ.

ಫೋನಿನ ಪಾಠಕ್ಕೂ ಎದುರುಬದುರಿನ ಪಾಠಕ್ಕೂ ಒಂದೇ ವ್ಯತ್ಯಾಸ. ನಾನು ಹೇಳಿದ್ದು ಅಲ್ಲಿಗೆ ಹೋಗಿ, ಅವರು ಹೇಳಿದ್ದು ಇಲ್ಲಿಗೆ ಬರುವಷ್ಟರಲ್ಲಿ ಒಂದು ಉಸಿರಿನಷ್ಟು ಹೊತ್ತು ಖಾಲಿ ಇರುತ್ತೆ. ನನಗೆ ಆ ಖಾಲಿ ಜಾಗ ಬಹಳ ಇಷ್ಟ. ನಾನು ಮೊದಲಿಂದಲೂ ಸ್ವಲ್ಪ ಕನಸಿನವಳು. ಶ್ರುತಿ ಝೇಂಕರಿಸುತ್ತಿರುವಾಗ, ಕಿಟಕಿಯಾಚೆ ಹೊಳೆಯ ಮೇಲೆ ಮಂಜು ಏಳುತ್ತಿರುವಾಗ, ಆ ಒಂದು ಉಸಿರಿನಲ್ಲಿ ನಾನು ಎಲ್ಲೆಲ್ಲೋ ಹೋಗಿ ಬಂದುಬಿಡುತ್ತೇನೆ. ನಮ್ಮ ಯಜಮಾನರು ಇದನ್ನು ತೂಕಡಿಕೆ ಅನ್ನುತ್ತಾರೆ.

೧. ಸಂತೆ ಪಾಠ

ಹಾಸನದ ಇಂಜಿನಿಯರು ನೀರಾವರಿ ಇಲಾಖೆಯಲ್ಲಿದ್ದವರು. ಗೊರೂರಿನ ಕ್ವಾರ್ಟರ್ಸಿನಲ್ಲಿ ಅರ್ಧ ಆಯುಸ್ಸು ಕಳೆದು, ಮೇಲಿನವರು ಹೇಳಿದ್ದನ್ನು ಒಂದಕ್ಷರ ಬದಲಿಸದೆ ಕೆಳಗೆ ಕಳಿಸಿ ಅಭ್ಯಾಸವಾದವರು. ಮೊದಲ ದಿನವೇ ಕೇಳಿದರು, “ಮೇಡಂ, ಪಾಠದ ವಿಧಾನ ಏನು?”

“ಸಂತೆ ಹೇಳಿದ ಹಾಗೆ ಸಾರ್. ವೇದಪಾಠದಲ್ಲಿ ಗುರು ಒಂದು ಸಲ ಹೇಳಿದರೆ ಶಿಷ್ಯ ಎರಡು ಸಲ ಹೇಳ್ತಾನಲ್ಲ, ಹಾಗೆ. ನಾನು ಹೇಳಿದ್ದನ್ನು ಹಾಗೇ ಎರಡು ಸಲ ಹೇಳಿ. ಮಧ್ಯೆ ಪ್ರಶ್ನೆ ಬೇಡ.”

“ಸರಿ ಮೇಡಂ,” ಅಂದರು. ಅವರು ‘ಸರಿ’ ಅಂದರೆ ಅದು ಸಹಿ ಹಾಕಿದ ಹಾಗೆ.

ಒಂದು ದಿನ ಬೆಳಗ್ಗೆ ಮೋಹನ ರಾಗದ ಸ್ವರಗಳು ನಡೆಯುತ್ತಿದ್ದವು. ಹೊರಗೆ ಸಣ್ಣಗೆ ಜಿನುಗು ಮಳೆ. ನಾನು ಎಂದಿನಂತೆ ಅರ್ಧ ಇಲ್ಲಿ, ಅರ್ಧ ಹೊಳೆಯ ಮೇಲೆ. ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ನಿಂತು, “ಕೊಡೆ ಎಲ್ಲೇ?” ಅಂದರು. ಶ್ರುತಿ ಕೆಡಿಸಬಾರದು ಅಂತ ನಾನು ರಾಗದಲ್ಲೇ ಹೇಳಿದೆ, “ಬಾಗಿಲ ಹಿಂದೇ, ಮೊಳೆಗೇ ನೇತು ಹಾಕಿದೇ...”

ಒಂದು ಉಸಿರಾದ ಮೇಲೆ ಫೋನಿನಿಂದ ಗಂಭೀರವಾಗಿ ಬಂತು. “ಬಾಗಿಲ ಹಿಂದೇ, ಮೊಳೆಗೇ ನೇತು ಹಾಕಿದೇ... ಬಾಗಿಲ ಹಿಂದೇ, ಮೊಳೆಗೇ ನೇತು ಹಾಕಿದೇ...”

ನನಗೆ ಎಚ್ಚರವಾಗುವ ಹೊತ್ತಿಗೆ ಒಲೆಯ ಮೇಲಿನ ಕುಕ್ಕರು ಕೂಗಿತ್ತು. ಬಾಯಿಗೆ ಬಂದದ್ದು ಬಂದೇಬಿಟ್ಟಿತ್ತು, “ಹಾಗೇ ಕುಕ್ಕರ್ ಇಳಿಸೀ, ಬೇಳೆ ಸೀದೀತೂ...”

ಅದನ್ನೂ ಎರಡು ಸಲ ಹೇಳಿದರು. ಎರಡನೆಯ ಸಲ ‘ಸೀದೀತೂ’ ಅನ್ನುವಲ್ಲಿ, ನಾನು ಹೇಳಿಕೊಡದೇ ಇದ್ದ ಒಂದು ಗಮಕವೂ ತಾನಾಗಿ ಬಂದು ಕೂತಿತು. ನನಗೆ ನಗು ತಡೆಯಲಾಗಲಿಲ್ಲ. “ಸಾರ್, ನಿಲ್ಸಿ,” ಅಂದೆ. “ಸಾರ್, ನಿಲ್ಸಿ. ಸಾರ್, ನಿಲ್ಸಿ,” ಅಂದರು.

ಕೊನೆಗೆ ಕರೆ ಕತ್ತರಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಫೋನು ಮಾಡಿದೆ. ಅವರು ಇನ್ನೂ ಆ ಗುಂಗಿನಲ್ಲೇ ಇದ್ದರು. “ಇವತ್ತಿನ ಸಾಹಿತ್ಯ ಬಹಳ ಚೆನ್ನಾಗಿತ್ತು ಮೇಡಂ. ತತ್ವಪದ ಇರಬೇಕಲ್ವಾ? ಕುಕ್ಕರು ಅಂದರೆ ದೇಹ, ಬೇಳೆ ಅಂದರೆ ಜೀವ. ಅಲ್ಲಿಗೆ ನನಗೆ ಅರ್ಥವಾಯ್ತು. ಆ ಬಾಗಿಲ ಹಿಂದಿನ ಮೊಳೆ ಮಾತ್ರ ಏನು ಅಂತ ಗೊತ್ತಾಗಲಿಲ್ಲ.”

೨. ಕೊಟ್ಟಿಗೆಯ ಕಿಟಕಿ

ಅರಕಲಗೂಡಿನ ಆಚೆಯವಳು ಮೊದಲ ಸಲ ಫೋನು ಮಾಡಿದಾಗ ಕಲಿಯುವ ಮಾತೇ ಆಡಲಿಲ್ಲ. “ಟೀಚರಮ್ಮಾ, ನೀವು ಸಂಗೀತದ ಪರೀಕ್ಸೆ ಕಟ್ಟುಸ್ತೀರಂತೆ?”

“ಮೊದಲು ಕಲೀಬೇಕಲ್ಲಮ್ಮ.”

“ಕಲ್ತ್ಕೋತೀನಿ ಬುಡಿ. ಆದ್ರೆ ಪರೀಕ್ಸೆ ಕಟ್ಟುಸ್ಲೇಬೇಕು.”

ನಲವತ್ತು ದಾಟಿದ ಹೆಂಗಸು. ಹೊಲ, ಮನೆ, ಎರಡು ಹಸು. ಗಂಡ ಊರ ಹಾಲಿನ ಡೇರಿಯ ಸೆಕ್ರೆಟರಿ. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಸೋಬಾನೆಗೆ ಅವಳ ಗಂಟಲೇ ಬೇಕು. ಅಂಥವಳಿಗೆ ಪರೀಕ್ಷೆಯ ಹುಚ್ಚು ಯಾಕೆ ಅಂತ ಕೇಳಿದೆ.

“ನಾನು ಎಸ್ಸೆಲ್ಸಿ ಫೇಲು ಕಣ್ ಟೀಚರಮ್ಮಾ, ಲೆಕ್ಕದಲ್ಲಿ. ನಮ್ಮನೇಲಿ ಎಲ್ರೂ ಏನಾರಾ ಒಂದು ಪಾಸಾಗವ್ರೆ. ನಮ್ಮತ್ತೆ ಇಸ್ಕೂಲ್ ಮಕನೇ ನೋಡಿಲ್ಲ, ಅಂಗಾಗಿ ಫೇಲೂ ಆಗಿಲ್ಲ. ಫೇಲಾದೋಳು ಅಂದ್ರೆ ನಾನೊಬ್ಳೆಯ. ಏನ್ ಮಾತಾಡುದ್ರೂ ನಮ್ಮೆಜಮಾನ್ರು ಅದ್ನೇ ಎತ್ತಾಡ್ತರೆ. ನನ್ ಕಿವೀಲಿ ಒಂದೇ ಒಂದ್ಸಲ ‘ಪಾಸು’ ಅಂತ ಕೇಳ್ಬೇಕು. ಆಮೇಕೆ ಏನಾರಾ ಆಗ್ಲಿ.”

“ನಾಳೆಯಿಂದ ಬಾಮ್ಮ,” ಅಂದೆ. ಬರುವುದಕ್ಕೆ ಅವಳಿಗೆ ಬಸ್ಸೂ ಇರಲಿಲ್ಲ, ಬಿಡುವೂ ಇರಲಿಲ್ಲ. ಇದ್ದದ್ದು ಫೋನು.

ಆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಕಡೆ, ಕೊಟ್ಟಿಗೆಯ ಕಿಟಕಿಯಲ್ಲಿ. ಸಂಜೆ ಹಾಲು ಕರೆಯುವ ಹೊತ್ತಿಗೆ ಫೋನನ್ನು ಕಿಟಕಿಯ ಸರಳಿಗೆ ಒರಗಿಸಿ ನಿಲ್ಲಿಸುತ್ತಿದ್ದಳು. ನಾನು ಸರಳಿನ ನಡುವೆ ಮುಖ ತೂರಿಸಿಕೊಂಡು ನಿಂತವಳ ಹಾಗೆ ‘ಸರಿಗಮ’ ಹೇಳುವುದು, ಅವಳು ಹಸುವಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಹಾಲು ಕರೆಯುತ್ತ ಹಾಡುವುದು. ಹಾಲಿನ ಧಾರೆ ಬಕೀಟಿಗೆ ಬೀಳುವ ಸದ್ದೇ ನಮಗೆ ತಾಳ. ಪಾಠ ಮುಗಿದ ಕೂಡಲೇ, “ಆಯ್ತು ಟೀಚರಮ್ಮಾ, ಮಡಗ್ತೀನಿ,” ಅನ್ನುತ್ತಿದ್ದಳು. ಫೋನು ಎತ್ತಿಕೊಂಡು, ಸೊಳ್ಳೆ ಬರದಿರಲಿ ಅಂತ ಕಿಟಕಿಯ ಬಾಗಿಲು ದಢಾರನೆ ಎಳೆಯುತ್ತಿದ್ದಳು. ಆ ಶಬ್ದವೇ ನನಗೆ ಮಂಗಳ.

ಒಂದು ವಿಚಿತ್ರ ಗಮನಿಸಿದೆ. ನಾನು ಬೈದರೆ ಅದು ಸ್ಪಷ್ಟವಾಗಿ ತಲುಪುತ್ತಿತ್ತು. “ಭೇಷ್” ಅಂದರೆ ಮಾತ್ರ ನೆಟ್‌ವರ್ಕ್ ಹೋಗುತ್ತಿತ್ತು. “ಇನ್ನೊಂದ್ಸಲ ಯೋಳಿ ಟೀಚರಮ್ಮಾ, ಕಟ್ಟಾಯ್ತು,” ಅನ್ನುತ್ತಿದ್ದಳು. ನಾನು ಮತ್ತೆ “ಭೇಷ್” ಅನ್ನುತ್ತಿದ್ದೆ. ಕೆಲವು ದಿನ ಅದು ಎರಡೆರಡು ಸಲ ಕಟ್ಟಾಗುತ್ತಿತ್ತು. ನಾನೇನೂ ಗೊತ್ತಾದ ಹಾಗೆ ತೋರಿಸಿಕೊಳ್ಳಲಿಲ್ಲ.

ಒಂದು ಸಂಜೆ ಅವಸರದಲ್ಲಿ ಫೋನನ್ನು ಸರಳಿನಾಚೆ, ಹೊರಗಿನ ಅಂಚಿನಲ್ಲೇ ಹೊರಮುಖವಾಗಿ ಬಿಟ್ಟು ಕಿಟಕಿ ಹಾಕಿಬಿಟ್ಟಳು. ಕರೆ ಇನ್ನೂ ಇತ್ತು. ನನ್ನ ಕೈಯಲ್ಲಿ ಅವರೂರಿನ ಸಂಜೆ ಹಾಗೇ ಉಳಿದುಹೋಯಿತು. ಒಂದು ಹೊಂಗೆ ಮರ, ಅದರ ಹಿಂದೆ ಕೆಂಪಾದ ಆಕಾಶ, ದೂರದಲ್ಲಿ ಯಾರೋ ದನ ಹೊಡೆದುಕೊಂಡು ಹೋಗುತ್ತಿರುವ ಕೂಗು. ಕತ್ತರಿಸಬೇಕು ಅನ್ನಿಸಲಿಲ್ಲ. ಆಕಾಶದ ಬಣ್ಣ ಇಳಿಯುವುದನ್ನೇ ನೋಡುತ್ತ ಕೂತೆ. ನಾನು ಯಾವತ್ತೂ ಕಾಲಿಡದ ಊರು, ಆದರೂ ಆ ಮರದ ಕೆಳಗೆ ಒಂದು ಕಾಲದಲ್ಲಿ ಆಡಿದ್ದೆನೇನೋ ಅನ್ನಿಸಿತು.

ಯಜಮಾನರು ಹಿಂದಿನಿಂದ ಬಂದು ಇಣುಕಿದರು. “ಏನು ನೋಡ್ತಿದೀಯೇ?”

“ಅರಕಲಗೂಡು.”

ಅವರೂ ಕುರ್ಚಿ ಎಳೆದುಕೊಂಡು ಕೂತರು. ತುಸು ಹೊತ್ತು ನೋಡಿ, “ಪಿಕ್ಚರ್ ಚೆನ್ನಾಗಿದೆ. ಆದರೆ ಹೀರೋಯಿನ್ ಬರೋದು ಯಾವಾಗ?” ಅಂದರು. ಅಷ್ಟರಲ್ಲಿ ಪರದೆ ತುಂಬ ಒಂದು ಕೋಳಿಯ ಮುಖ ಬಂತು. ಒಂದು ಕಣ್ಣಿನಿಂದ ಇಬ್ಬರನ್ನೂ ಸರಿಯಾಗಿ ನೋಡಿ, ಕ್ಯಾಮೆರಾವನ್ನು ಒಮ್ಮೆ ಕುಕ್ಕಿ, ಕರೆ ಕತ್ತರಿಸಿ ಹೋಯಿತು.

೩. ಅಕ್ಷತೆ

ಚನ್ನರಾಯಪಟ್ಟಣದ ಹುಡುಗಿಗೆ ಪಾಠವಾಗುವಾಗ ಅವಳ ಅಜ್ಜಿ ಪಕ್ಕದಲ್ಲೇ ಕೂತಿರುತ್ತಿದ್ದರು. ಹಳೆಯ ಕಾಲದ ಮರ್ಯಾದಸ್ಥರು. ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸಿದವರಲ್ಲ. ನಾನು ಬಂದಿರುವುದು ಮನೆಗಲ್ಲ, ಫೋನಿಗೆ ಅನ್ನುವುದನ್ನು ಅವರು ಒಪ್ಪಲಿಲ್ಲ.

“ಇರಮ್ಮಾ, ಶುಕ್ರವಾರ, ಹಾಗೇ ಹೊರಟುಬಿಡಬೇಡ,” ಅಂತ ಹೇಳಿ, ಪರದೆಯ ಮೇಲೆ ನನ್ನ ಹಣೆ ಎಲ್ಲಿದೆ ಅಂತ ನೋಡಿ, ಅಲ್ಲಿಗೆ ಸರಿಯಾಗಿ ಕುಂಕುಮ ಇಡುತ್ತಿದ್ದರು. ನಾನು ತಲೆ ಅಲ್ಲಾಡಿಸಿದರೆ, “ಸುಮ್ನಿರಮ್ಮ, ಮೂಗಿಗೆ ಹತ್ತುತ್ತೆ,” ಅಂತ ಗದರುತ್ತಿದ್ದರು. ವಿಜಯದಶಮಿಯ ದಿನ ಗುರುಪೂಜೆ ಅಂತ ಫೋನನ್ನು ಮಣೆಯ ಮೇಲೆ ಕೂರಿಸಿ, ಮೊಮ್ಮಗಳ ಕೈಯಲ್ಲಿ ಹಿಡಿ ಹಿಡಿ ಅಕ್ಷತೆ ಹಾಕಿಸಿದರು. ಅರಿಸಿನ ಹಚ್ಚಿದ ಅಕ್ಕಿ ಮಳೆ ಸುರಿದ ಹಾಗೆ ಮುಖದ ಮೇಲೆ ಬೀಳುತ್ತಿದ್ದರೆ ನಾನು ಇಲ್ಲಿ ಕಣ್ಣು ಮುಚ್ಚಿಕೊಂಡೆ. ಯಾರೂ ನನಗೆ ಅಷ್ಟು ಪೂಜೆ ಮಾಡಿರಲಿಲ್ಲ. ಆ ಹೊತ್ತು ನಾನು ಮಣೆಯ ಮೇಲೇ ಇದ್ದೆ.

ಮಾರನೆಯ ದಿನದಿಂದ ಆ ಕಡೆಯಿಂದ ಉಸಿರೇ ಇಲ್ಲ. ಪಾಠದ ಹೊತ್ತಿಗೆ ಕರೆ ಮಾಡಿದರೆ ಸ್ವಿಚ್ ಆಫ್. ಹುಡುಗಿಗೆ ಹುಷಾರಿಲ್ಲವೇನೋ ಅಂತ ನನಗೆ ಚಿಂತೆಯಾಯಿತು. ಕಡೆಗೆ ಒಂದು ದಿನ ಬೇರೆ ಯಾರದೋ ನಂಬರಿನಿಂದ ಅಜ್ಜಿಯೇ ಮಾತಾಡಿದರು. ಫೋನು ಚಾರ್ಜೇ ಆಗುತ್ತಿಲ್ಲವಂತೆ, ರಿಪೇರಿಗೆ ಕೊಟ್ಟಿದ್ದಾರಂತೆ, ಈಗ ಅಂಗಡಿಯಲ್ಲೇ ನಿಂತಿದ್ದಾರಂತೆ, ಇದು ಅಂಗಡಿಯವನ ಫೋನಂತೆ.

“ಏನಾಗಿದೆಯಂತೆ?” ಅಂದೆ.

ಅಜ್ಜಿ ಫೋನನ್ನು ಅಂಗಡಿಯವನ ಕೈಗೇ ಕೊಟ್ಟರು. ಅವನು ಸೂಜಿಯಿಂದ ಏನನ್ನೋ ಕೀಳುತ್ತಿದ್ದನಂತೆ. ಬಹಳ ವಿನಯದಿಂದ ಹೇಳಿದ, “ಏನಿಲ್ಲ ಮೇಡಂ, ಚಾರ್ಜ್ ಹಾಕೋ ಜಾಗದಲ್ಲಿ ಅಕ್ಕಿಕಾಳು ಸೇರ್ಕೊಂಡಿತ್ತು. ಫೋನ್ ಚೆನ್ನಾಗಿದೆ. ಆಶೀರ್ವಾದ ಜಾಸ್ತಿಯಾಗಿದೆ, ಅಷ್ಟೇ.”

೪. ನಾಲ್ಕನೆಯ ಶಿಷ್ಯರು

ಅರಕಲಗೂಡಿನವಳು ಪರೀಕ್ಷೆಗೆ ತಯಾರಾದಳು. ಜೂನಿಯರ್ ಪರೀಕ್ಷೆ, ಹಾಸನದಲ್ಲಿ. ಹೆಸರು ಕಟ್ಟಿಸಿಯೂ ಆಗಿತ್ತು. ಆಗ ಅವಳ ಗಂಡ ಡೇರಿ ಸೆಕ್ರೆಟರಿಗಳು ಅಡ್ಡ ನಿಂತರು.

“ಆಸನಕ್ಕೋಗಿ ಅಷ್ಟ್ ಜನದ ಮುಂದೆ ಫೇಲಾಗ್ಬುಟ್ ಬತ್ತೀಯಾ? ಒಂದ್ಸಲ ಆಗಿದ್ದು ಸಾಕಾಗ್ನಿಲ್ವಾ?” ಅಂದರಂತೆ.

ಅವಳು ಎದುರಾಡಲಿಲ್ಲ, ಅಳಲಿಲ್ಲ. ಹಾಡುವುದನ್ನೇ ನಿಲ್ಲಿಸಿಬಿಟ್ಟಳು. ನನಗೆ ಒಂದೇ ಮಾತು ಹೇಳಿದಳು, “ಪಾಠ ಬ್ಯಾಡ ಕಣ್ ಟೀಚರಮ್ಮಾ. ಪರೀಕ್ಸೆ ಇಲ್ದಿದ್ ಮ್ಯಾಲೆ ಯಾಕೆ?” ಸಂಜೆಯ ಹೊತ್ತು ಭರಣಿಯ ಮುಂದೆ ಸುಮ್ಮನೆ ಕೂತಿರುತ್ತಿದ್ದೆ. ನಿಜವಾಗಿ ನನಗೆ ದುಃಖವಾಗಿತ್ತು.

ನಾಲ್ಕಾರು ದಿನ ಕಳೆದ ಮೇಲೆ ಅದೇ ನಂಬರಿನಿಂದ ಕರೆ. ಗಂಡಸಿನ ದನಿ. “ನಮಸ್ಕಾರ ಮೇಡಂ. ನಾನು ಅವರೆಜಮಾನ್ರು. ಒಂದು ಸಾಯ ಆಗ್ಬೇಕಿತ್ತು.” ಸ್ವಲ್ಪ ಕೆಮ್ಮಿದರು. “ಅಸ ಆಲು ಬುಡ್ತಿಲ್ಲ.”

ಹಾಡು ಕೇಳುತ್ತ ಹಾಲು ಬಿಟ್ಟು ರೂಢಿಯಾಗಿದ್ದ ಹಸುಗಳು, ಹಾಡು ನಿಂತ ಕೂಡಲೇ ಹಾಲು ಏರಿಸಿಕೊಂಡಿದ್ದವು. ಸೆಕ್ರೆಟರಿ ಮನೆಯ ಹಾಲೇ ಕಮ್ಮಿ ಅಂತ ಡೇರಿಯಲ್ಲಿ ಜನ ನಗುತ್ತಿದ್ದರು. ನಾನು ಹಿಂದೆ ಕಳಿಸಿದ್ದ ಪಾಠದ ರೆಕಾರ್ಡನ್ನು ಹಾಕಿಯೂ ನೋಡಿದ್ದರಂತೆ. “ಅದು ಕಿಟ್ಕಿ ಕಡೆ ತಿರುಗಿ ನೋಡ್ತದೆ ಮೇಡಂ. ನೀವಿಲ್ಲ ಅಂತ ಗೊತ್ತಾಯ್ತಿದ್ದಂಗೆ ಬಕೀಟ್ ಒದೀತದೆ. ನೀವು ಒಸಿ ಕಿಟ್ಕಿಗೆ ಬಂದೋಗಿ.”

“ಬರ್ತೀನಿ. ಆದರೆ ನನ್ನ ಶಿಷ್ಯೆ ಪರೀಕ್ಷೆಗೆ ಹೋಗಬೇಕು.”

ಆ ಕಡೆ ಹಸು ಒಮ್ಮೆ ಅಂಬಾ ಅಂದಿತು. “ಓಗ್ಲಿ ಬುಡಿ,” ಅಂದರು. ಆಮೇಲೆ ಗಾಬರಿಯಿಂದ, “ಅಲ್ಲಾ ಮೇಡಂ, ಅವಳು ಆಸನಕ್ಕೋದ ದಿನ ಅಸಕ್ಕೆ ಆಡೋರ್ಯಾರು?”

“ನೀವೇ ಕಲೀಬೇಕು.”

ಹೀಗೆ ನನಗೆ ನಾಲ್ಕನೆಯ ಶಿಷ್ಯರು ಸಿಕ್ಕಿದರು. ಶ್ರುತಿ ಒಂದು ದಾರಿ, ಅವರು ಒಂದು ದಾರಿ. ‘ಸ’ ಹೇಳಿ ಅಂದರೆ ಹರಾಜು ಕೂಗಿದ ಹಾಗೆ ಕೂಗುತ್ತಿದ್ದರು. ಆದರೂ ಹಾಲು ಡೇರಿಗೆ ಸರಿಯಾಗಿ ಹೋಗುತ್ತಿದೆ ಅಂತ ಸುದ್ದಿ ಬಂತು. ನನಗೇ ಆಶ್ಚರ್ಯ. “ನೀವು ಹಾಡಿದರೂ ಹಸು ಹಾಲು ಬಿಡುತ್ತಾ?” ಅಂತ ಕೇಳಿದೆ.

“ಬುಡ್ತದೆ ಮೇಡಂ, ಅವ್ಳಿಗಿಂತ್ಲೂ ಬಿರ್ನೆ ಬುಟ್ಬುಡ್ತದೆ,” ಅಂದರು ಮುಖ ಸಣ್ಣಗೆ ಮಾಡಿಕೊಂಡು. “ನಾನು ಬೇಗ ನಿಲ್ಲುಸ್ಲಿ ಅಂತ.”

೫. ಪರೀಕ್ಷೆ

ಪರೀಕ್ಷೆಯ ದಿನ ನಾನು ಬೆಳಗಿನ ಬಸ್ಸಿಗೇ ಹಾಸನಕ್ಕೆ ಹೋದೆ. ದಾರಿಯುದ್ದಕ್ಕೂ ಮಂಜು. ಕಿಟಕಿಯ ಪಕ್ಕ ಕೂತು, ಯಜಮಾನರು ಹೇಳುವ ಹಾಗೆ, ಚೆನ್ನಾಗಿ ತೂಕಡಿಸಿದೆ.

ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಹೊಳೆಯಿತು, ನಾವಿಬ್ಬರೂ ಒಬ್ಬರನ್ನೊಬ್ಬರು ನೋಡೇ ಇಲ್ಲ. ನಾನು ಕಂಡದ್ದು ಕತ್ತಲು ಕೊಟ್ಟಿಗೆಯಲ್ಲಿ ಹಸುವಿನ ಪಕ್ಕದ ಒಂದು ನೆರಳು. ಅವಳು ಕಂಡದ್ದು ಸರಳಿನ ನಡುವಿನ ನನ್ನ ಮುಖ. ಅವಳ ಫೋನೂ ಊರಲ್ಲೇ, ಗಂಡನ ಹತ್ತಿರ. ಅಷ್ಟು ಜನಜಂಗುಳಿಯಲ್ಲಿ ಎಲ್ಲಿ ಹುಡುಕುವುದು? ನಾನು ಒಂದು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡೆ. ಕಂಡಕ್ಟರುಗಳ ಕೂಗು, ಹಾರ್ನು, ಕಡಲೆಕಾಯಿ ಮಾರುವವನು, ಎಲ್ಲದರ ನಡುವೆ ಒಂದು ದನಿ ತೇಲಿ ಬಂತು. “ಅಣ್ಣಾ, ಒಳೆನರಸೀಪುರದ ಬಸ್ಸು ಎಲ್ ನಿಲ್ತದೆ?” ಯಾವ ಸದ್ದಿನಲ್ಲೂ ಮುಳುಗದ ಗಂಟಲು. ಕಣ್ಣು ತೆರೆಯದೆಯೇ, “ಇಲ್ಲಿದೀನಿ ಬಾಮ್ಮ,” ಅಂದೆ.

ಎತ್ತರದ ಹೆಂಗಸು, ರೇಷ್ಮೆ ಸೀರೆ, ಮುಡಿ ತುಂಬ ಕನಕಾಂಬರ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಯ್ಯೋ ಟೀಚರಮ್ಮಾ, ನಿಮ್ಗೆ ಕಾಲೂ ಅವಲ್ಲಾ!” ಅಂದಳು.

ಪರೀಕ್ಷೆ ಒಂದು ಶಾಲೆಯಲ್ಲಿ. ಬರೆಯುವ ಪತ್ರಿಕೆ ಬೆಳಗ್ಗೆಯೇ ಮುಗಿಯಿತು, ಹಾಡುವುದೊಂದು ಬಾಕಿ. ಅವಳ ಸರದಿ ಬಂತು. ಕೋಣೆಯೊಳಗೆ ವಯಸ್ಸಾದ ಒಬ್ಬ ಪರೀಕ್ಷಕರು, ಹೆಗಲ ಮೇಲೆ ಜರಿ ಶಲ್ಯ. ನಾನು ಹೊರಗೆ ಜಗಲಿಯ ಬೆಂಚಿನಲ್ಲಿ, ಉಳಿದ ಮಕ್ಕಳ ತಂದೆತಾಯಿಯರ ಜೊತೆ.

ಒಳಗಿನಿಂದ ಶ್ರುತಿ ಕೇಳಿಸಿತು. ಹಾಡು ಕೇಳಿಸಲಿಲ್ಲ. ಒಂದು ಉಸಿರಾಯಿತು, ಎರಡಾಯಿತು, ಹತ್ತಾಯಿತು. ಇಷ್ಟು ದಿನ ಎದುರಿಗೆ ಯಾರೂ ಕೂತಿರದೆ ಕಲಿತವಳು, ಒಬ್ಬ ದೊಡ್ಡ ಮನುಷ್ಯರು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತದ್ದನ್ನು ಕಂಡು ಬಾಯಿ ಕಟ್ಟಿ ಕೂತಿದ್ದಾಳೆ. ಮತ್ತೊಮ್ಮೆ ಫೇಲು. ಗಂಡ ಹೇಳಿದ್ದೇ ನಿಜವಾಗಿಬಿಡುತ್ತದಲ್ಲ ಅಂತ ಕಣ್ಣಲ್ಲಿ ನೀರು ಬಂತು.

ಆಗ ಅವಳ ದನಿ ಸಣ್ಣಗೆ ಕೇಳಿಸಿತು. “ಸಾ, ತಪ್ ತಿಳ್ಕೋಬ್ಯಾಡಿ. ಒಸಿ ಆ ಕಿಟ್ಕಿ ಆಚ್ಗೋಗಿ ನಿಂತ್ಕೋತೀರಾ? ಮಕ ಮಾತ್ರ ಕಾಣೋ ಅಂಗೆ?”

ಬಾಗಿಲು ತೆರೆಯಿತು. ಪರೀಕ್ಷಕರು ಶಲ್ಯ ಸರಿಮಾಡಿಕೊಂಡು ಜಗಲಿಗೆ ಬಂದರು. ನಮ್ಮೆಲ್ಲರನ್ನೂ ನೋಡಿ, “ಅಭ್ಯರ್ಥಿಯ ಅನುಕೂಲಕ್ಕೆ,” ಅಂತ ಗಂಭೀರವಾಗಿ ಹೇಳಿ, ಕಿಟಕಿಯ ಹತ್ತಿರ ಹೋಗಿ, ಎರಡು ಸರಳುಗಳ ನಡುವೆ ಮುಖ ಇಟ್ಟುಕೊಂಡು ನಿಂತರು.

“ಸಾ, ಕೇಳ್ತಾ ಅದಾ?” ಒಳಗಿನಿಂದ.

“ಕೇಳಿಸ್ತಾ ಇದೆಯಮ್ಮ. ಹಾಡು.”

ಹಾಡಿದಳು. ಮಾಯಾಮಾಳವಗೌಳದ ಸ್ವರಗಳು ಒಂದೊಂದಾಗಿ ಆ ಕಿಟಕಿಯಿಂದ ಹೊರಗೆ ಬಂದವು. ಅವರು ಏನು ಕೇಳಿದರೂ, ಒಂದು ಉಸಿರು ಬಿಟ್ಟು, ಆಮೇಲೆ ಎತ್ತುತ್ತಿದ್ದಳು. ಆ ಒಂದು ಉಸಿರಿನಲ್ಲಿ ನನಗೆ ಹೊಂಗೆ ಮರ ಕಂಡಿತು, ಕೆಂಪು ಆಕಾಶ ಕಂಡಿತು, ಬಕೀಟಿಗೆ ಬೀಳುವ ಹಾಲಿನ ಧಾರೆ ಕೇಳಿಸಿತು. ಜಗಲಿಯಲ್ಲಿ ಮಕ್ಕಳೂ ಗಲಾಟೆ ನಿಲ್ಲಿಸಿದ್ದವು. ಪರೀಕ್ಷಕರು ಕಣ್ಣು ಮುಚ್ಚಿ, ಸರಳಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು.

ಕೊನೆಯ ಗೀತೆ ಮುಗಿಯಿತು. ಹಾಡಿನ ಗುಂಗಿನಲ್ಲಿ ಅವಳಿಗೆ ತಾನು ಎಲ್ಲಿದ್ದೇನೆ ಅನ್ನುವುದೇ ಮರೆತಿತ್ತು ಅಂತ ಕಾಣುತ್ತೆ. “ಆಯ್ತು, ಮಡಗ್ತೀನಿ,” ಅಂದಳು. ಎದ್ದು ಬಂದು, ಪರೀಕ್ಷಕರ ಮುಖಕ್ಕೇ ಕಿಟಕಿ ದಢಾರನೆ ಹಾಕಿಬಿಟ್ಟಳು.

ಭೂಮಿ ಬಾಯಿ ಬಿಡಬಾರದೆ ಅಂತ ನಾನು ಸೆರಗು ಬಾಯಿಗಿಟ್ಟುಕೊಂಡೆ. ಪರೀಕ್ಷಕರು ಮಾತ್ರ ಅಲುಗಲಿಲ್ಲ. ಅವರ ಬೆರಳು ಇನ್ನೂ ತಾಳ ಹಾಕುತ್ತಲೇ ಇತ್ತು. ತುಸು ಹೊತ್ತಿನ ಮೇಲೆ ಕಣ್ಣು ತೆರೆದು, ಮುಚ್ಚಿದ ಕಿಟಕಿಯನ್ನು ನೋಡಿ, ನನ್ನ ಕಡೆ ತಿರುಗಿದರು. “ಫಲಿತಾಂಶ ಈಗಲೇ ಹೇಳುವ ನಿಯಮವಿಲ್ಲ,” ಅಂದರು. ಅಷ್ಟು ಹೇಳಿ ಕಿಟಕಿಯ ಬಾಗಿಲನ್ನು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು.

“ಅಮ್ಮಾ, ಕೇಳಿಸ್ತಾ ಇದೆಯಾ?”

ಒಂದು ಉಸಿರು ಖಾಲಿ. “ಕೇಳ್ತಾ ಅದೆ ಸಾ.”

“ಪಾಸು.”

ಮತ್ತೆ ಒಂದು ಉಸಿರು. ಆಮೇಲೆ ಮುಚ್ಚಿದ ಕಿಟಕಿಯ ಹಿಂದಿನಿಂದ, ಅಳುವನ್ನು ನುಂಗಿಕೊಂಡ ದನಿ ಬಂತು.

“ಇನ್ನೊಂದ್ಸಲ ಯೋಳಿ ಸಾ. ಕಟ್ಟಾಯ್ತು.”